ಮಾತಾಡ್ಲಾಕ ಅಷ್ಟು ದೂರ ಹೋಗಬೇಕೇನ್ರಿ?

ಹೋಗಬೇಕ್ರಿ. ಸಮಾಧಾನ ಆದವರು ಇಲ್ಲಿಗೇ ನಿಲ್ಲಿಸಬಹುದು.

ಆಗದವರಿಗೆ: ಕಲಬುರಗಿ, ಯಾದಗಿರಿ ಕಡೆಯ ಗ್ರಾಮಸಭೆ, ವಾರ್ಡ್‌ಸಭೆಗಳಲ್ಲಿ ಜನ ಬಾಯಿಬಿಟ್ಟು ಮಾತಾಡುವಂತೆ ನೋಡಿಕೊಳ್ಳುವುದು, ಆ ಕೆಲಸ ಮಾಡುವವರಿಗೆ ತರಬೇತಿ ಕೊಡುವುದು ನನ್ನ ಹೊಟ್ಟೆಪಾಡು. ಇದೇ ಕಸುಬಿನವರು ಆಗಾಗ ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಎರಡು ದಿನ ಕೂಡುತ್ತೇವೆ. ಬ್ಯಾಗು ಹಿಡಿದು ಹೊರಟೆನೆಂದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಸಭಾ ಹೆಂಗ ನಡಸಬೇಕು ಅಂತ ಕಲೀಲಾಕ ಮತ್ತೊಂದು ಸಭಾ?" ಕೇಳಲಿ, ಬೇಡ ಅನ್ನುವುದಿಲ್ಲ. ಕೇಳಿದ ಮೇಲೆ ಪಕ್ಕದವರ ಮುಖ ನೋಡಿ ನಗುತ್ತಾರಲ್ಲ, ಅದಕ್ಕೆ ಮೈ ಉರಿಯುತ್ತದೆ. ಹಲ್ಲಿನ ಡಾಕ್ಟರುಗಳು ಗೋವಾದಲ್ಲಿ ಕೂಡಿದರೆ ಕಾನ್ಫರೆನ್ಸ್, ನಾವು ಕೂಡಿದರೆ ಹರಟೆ.

ಒಮ್ಮೆ ಕಲಬುರಗಿಯಲ್ಲೇ ಒಂದು ಮದುವೆ. ಊಟದ ಸಾಲಿನಲ್ಲಿ ಪಕ್ಕಕ್ಕೆ ಕೂತ ಹಿರಿಯರು, ದೂರದ ಸಂಬಂಧಿಕರು, ಶೇಂಗಾ ಹೋಳಿಗೆ ಮುರಿಯುತ್ತ ಶುರುಮಾಡಿದರು. "ಹನ್ನೆರಡನೇ ಶತಮಾನದಾಗೇ ಬಸವಕಲ್ಯಾಣದಾಗ ಅನುಭವ ಮಂಟಪ ಇತ್ತು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಕೂತು ಮಾತಾಡ್ಯಾರ. ನಮಗ ಹೊರಗಿನವರು ಏನ್ ಕಲಸ್ತಾರ?" ಭಾಷಣ ಚೆನ್ನಾಗಿತ್ತು. ನಾನು ಒಂದೇ ಕೇಳಿದೆ: ನಿಮ್ಮೂರ ಗ್ರಾಮಸಭೆಗೆ ನೀವು ಹೋಗಿ ಎಷ್ಟು ದಿನ ಆಯ್ತು? "ನಾವ್ಯಾಕ ಹೋಗಬೇಕು? ಅದು ಮನಿ ಇಲ್ಲದವರ ಸಭಾ ಅದ" ಅಂದರು. ಅಂದು, ತುಪ್ಪ ಹಾಕಿಸಿಕೊಂಡರು.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಕೂಡಲೇಬೇಕು ಎಂದು ನಮ್ಮ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ಮಂಟಪದ ಹೆಮ್ಮೆ ಇರುವವರು ಆ ಎರಡು ದಿನವಾದರೂ ಕಾಣಿಸಿಕೊಂಡರೆ ನಾನು ರೈಲು ಹತ್ತುವುದು ಕಡಿಮೆ ಮಾಡುತ್ತೇನೆ.

"ಅಲ್ಲಿ ಬರೇ ಚಾ ಕುಡೀತೀರಂತ" ಎಂಬ ಆರೋಪವೂ ಉಂಟು. ನಿಜ. ಹ್ಯಾರಿಸನ್ ಓವೆನ್ ಎಂಬ ಅಮೆರಿಕದವ ಕಷ್ಟಪಟ್ಟು ಒಂದು ದೊಡ್ಡ ಸಮ್ಮೇಳನ ಮಾಡಿದ. ಬಂದವರೆಲ್ಲ ಕಾಫಿ ವಿರಾಮವೇ ಚಲೋ ಇತ್ತು ಅಂದರು. ಸರಿ, ಇಡೀ ಸಭೆಯೇ ವಿರಾಮದಂತೆ ಇರಲಿ ಎಂದು 1985ರಲ್ಲಿ 'ಓಪನ್ ಸ್ಪೇಸ್' ಪದ್ಧತಿ ಶುರುಮಾಡಿದ. ವಿಷಯ ಬಂದವರೇ ಎತ್ತುತ್ತಾರೆ. ಕಲಿಯುವುದೂ ಇಲ್ಲ, ಕೊಡುವುದೂ ಇಲ್ಲ ಅನ್ನಿಸಿದರೆ ಎದ್ದು ಬೇರೆ ಗುಂಪಿಗೆ ನಡೆಯಬೇಕು, ಅದು ಅಲ್ಲಿಯ ನಿಯಮ. ನಮ್ಮೂರುಗಳಲ್ಲಿ ಈ ನಿಯಮ ಯಾರೂ ಹೇಳಿಕೊಟ್ಟಿಲ್ಲ. ಮನೆ ಫಲಾನುಭವಿಗಳ ಪಟ್ಟಿ ಓದಿ ಮುಗಿಸಿದರೆ ಪೆಂಡಾಲು ತಾನೇ ಖಾಲಿಯಾಗುತ್ತದೆ.

ಇಂಥ ಕೂಟಗಳಲ್ಲಿ ನನಗೆ ಬೇಕಾದದ್ದು ಸೋತವರ ಕಥೆ. ಗೆದ್ದವರದ್ದು ವರದಿಯಲ್ಲಿ ಸಿಗುತ್ತದೆ. 2004ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಚೀಟಿ ಎತ್ತಿದಂತೆ ಆರಿಸಿದ 160 ಸಾಮಾನ್ಯ ಜನ ಹೆಚ್ಚುಕಡಿಮೆ ಒಂದು ವರ್ಷ ಕೂತು ಚುನಾವಣಾ ಪದ್ಧತಿ ಹೇಗೆ ಬದಲಾಗಬೇಕು ಎಂದು ಚರ್ಚಿಸಿದರು. ಮರುವರ್ಷ ಜನಮತಕ್ಕೆ ಹಾಕಿದಾಗ ಶೇ. 57.7ರಷ್ಟು ಜನ ಹೌದು ಅಂದರು. ಬೇಕಾಗಿದ್ದದ್ದು ಶೇ. 60. ಬಿದ್ದುಹೋಯಿತು. ಈ ಕಥೆ ಮೊದಲ ಸಲ ಕೇಳಿದಾಗ ನನ್ನ ಕಿವಿ ನಿಮಿರಿದ್ದು ಬೇರೆ ಕಡೆಗೆ: ಕೂತ ಪ್ರತಿ ದಿನಕ್ಕೆ ಒಬ್ಬೊಬ್ಬರಿಗೂ 150 ಡಾಲರ್ ಕೊಟ್ಟಿದ್ದರು.

"ಅಲ್ಲಿ ಏನ್ ಮಾಡ್ತೀರಿ" ಅನ್ನುವುದು ಬಿಟ್ಟು "ಯಾರು ಬಂದಿರಲಿಲ್ಲ" ಎಂದು ಕೇಳಿ ನೋಡಿ, ರಾತ್ರಿಯೆಲ್ಲಾ ಹೇಳುತ್ತೇನೆ. ಯಾದಗಿರಿ ಜಿಲ್ಲೆಯ ಎಷ್ಟೋ ತಾಂಡಾಗಳಲ್ಲಿ ಸಭೆಯ ದಿನ ಮುದುಕರು, ಮಕ್ಕಳು ಇರುತ್ತಾರೆ. ದುಡಿಯುವ ವಯಸ್ಸಿನವರು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕಟ್ಟಡ ಕಟ್ಟುತ್ತಿರುತ್ತಾರೆ. ಊರಲ್ಲಿ ಉಳಿದ ಹೆಂಗಸರಿಗೆ ಸಭೆ ಅಂದರೆ ಒಂದು ದಿನದ ಕೂಲಿ ಖೋತಾ. ನಮ್ಮ ಕೂಟಗಳೇನು ಕಡಿಮೆಯಿಲ್ಲ. 'ಎಲ್ಲರನ್ನೂ ಒಳಗೊಳ್ಳುವುದು ಹೇಗೆ' ಎಂಬ ಗೋಷ್ಠಿ ಪೂರ್ತಿ ಇಂಗ್ಲಿಷಿನಲ್ಲಿ ನಡೆದಿದೆ. ಹೊಲದ ಕೆಲಸದ ಹೆಂಗಸರನ್ನು ಸಂಜೆ ಕಟ್ಟೆಯ ಮೇಲೆ ಕೂಡಿಸಿ ಠರಾವು ಬರೆಸುವ ನನ್ನ ಜತೆಗಾರ್ತಿ ಹಿಂದಿನ ಸಾಲಿನಲ್ಲಿ ತುಟಿ ಬಿಚ್ಚದೆ ಕೂತಿದ್ದಳು. ಊಟದ ಹೊತ್ತಿಗೆ ನಾನು ಆಯೋಜಕರ ಜತೆ ಜಗಳ ತೆಗೆದೆ. ಮಧ್ಯಾಹ್ನದ ಗೋಷ್ಠಿಗೆ ಕನ್ನಡ ಬಂತು. ಅದನ್ನೂ ಹರಟೆ ಅನ್ನುತ್ತೀರೇನು?

ಕೂಲಿ ಕೊಟ್ಟು ಸಭೆಗೆ ಕರೆಯುವಷ್ಟು ದುಡ್ಡು ನಮ್ಮ ಪಂಚಾಯ್ತಿಗಳಲ್ಲಿ ಎಲ್ಲಿಂದ ಬರಬೇಕು. ಆದರೆ ತಾರೀಕು ಬದಲಿಸಲು ದುಡ್ಡು ಬೇಡ. ಮೊಹರಮ್ಮಿಗೆ, ಊರ ಜಾತ್ರೆಗೆ ದುಡಿಯಲು ಹೋದವರು ತಿರುಗಿ ಬರುತ್ತಾರೆ, ಆ ವಾರದಲ್ಲೇ ವಾರ್ಡ್‌ಸಭೆ ಇಡಿ ಎಂದು ಒಬ್ಬ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಮುಂದೆ ಕೂತು ಹೇಳಿದೆ. ಅವರು ಕ್ಯಾಲೆಂಡರ್ ತಿರುವಿದರು.

"ಅವತ್ತು ರಜಾ ಅದಲ್ರಿ" ಅಂದರು.