ಗುಣಾಕಾರ ಮೇಷ್ಟ್ರು ಮತ್ತು ಒಂದು ಗುಂಟೆ ಜಾಗ

ನಮ್ಮ ಶಾಲೆಯಲ್ಲಿ ಓದಿದವರಿಗೆ ಗಣಿತದ ಮೇಷ್ಟ್ರ ನಿಜವಾದ ಹೆಸರು ಹೇಳಿದರೆ ಸ್ವಲ್ಪ ಯೋಚಿಸುತ್ತಾರೆ. ‘ಗುಣಾಕಾರ ಮೇಷ್ಟ್ರು’ ಎಂದರೆ ಸಾಕು, ಮುಖ ಅರಳುತ್ತದೆ. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಈಗಿನ ಹೆಡ್‌ಮಾಸ್ಟರು ಫೋನ್ ಮಾಡಿದಾಗ ವಿಷಯ ಹುಡುಕುವ ಕಷ್ಟವೇ ಇರಲಿಲ್ಲ.

ಎಪ್ಪತ್ತರ ದಶಕದ ತೀರ್ಥಹಳ್ಳಿ ಸೀಮೆ. ಹಂಚಿನ ಮಾಡು. ಜುಲೈ ಮಳೆ ಹಿಡಿದುಕೊಂಡರೆ ಮೇಷ್ಟ್ರ ಮಾತು ಮೂರನೇ ಬೆಂಚಿಗೂ ಕೇಳುತ್ತಿರಲಿಲ್ಲ. ಬೇರೆ ಮೇಷ್ಟ್ರುಗಳು ಪುಸ್ತಕ ಮುಚ್ಚಿ ಸುಮ್ನೆ ಕೂರುತ್ತಿದ್ದರು. ಇವರು ಮಾತ್ರ ಬೋರ್ಡಿನ ಮೇಲೆ ಒಂದು ಗುಣಾಕಾರ ಬರೆದು, ನಮ್ಮ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು. ಬಂದವರು ಎದ್ದು ಹೋಗಿ ಮಾಡಬೇಕು. ಸರಿ ಇದ್ದರೆ ಅಳಿಸುತ್ತಿರಲಿಲ್ಲ, ಪಕ್ಕದ ಖಾಲಿ ಜಾಗ ತೋರಿಸುತ್ತಿದ್ದರು. ಇದನ್ನೇ ಇನ್ನೊಂದು ದಾರಿಯಲ್ಲಿ ಮಾಡು ಅಂತ. ಪಾಠವೆಲ್ಲ ಸನ್ನೆಯಲ್ಲೇ ಮುಗಿಯುತ್ತಿತ್ತು.

ದೊಡ್ಡ ಗುಣಾಕಾರ ನಮಗೆ ಮೊದಲೇ ಬರುತ್ತಿತ್ತು. ಎರಡನೇ ಸಾಲಿಗೆ ಬಂದಾಗ ಬಿಡಿ ಸ್ಥಾನದಲ್ಲಿ ಒಂದು ಗುಣಿಸು ಗುರುತು ಹಾಕಿ ಮುಂದೆ ಹೋಗುವುದು, ಅಷ್ಟೇ.

“ಅದನ್ನ ಯಾಕ್ರೋ ಹಾಕ್ತೀರಿ?” ಎಂದು ಒಂದು ದಿನ ಕೇಳಿದರು.

“ಹಾಕದಿದ್ರೆ ಹೊಡೀತಾರೆ ಸಾರ್” ಅಂದ ಒಬ್ಬ.

ಮೇಷ್ಟ್ರು ಜೋರಾಗಿ ನಕ್ಕರು. ಮಳೆ ಹೊಳವಾಗಿತ್ತು. ಬಾವಿಯ ಹಗ್ಗ ಬಿಚ್ಚಿಸಿಕೊಂಡು ನಮ್ಮನ್ನೆಲ್ಲ ಮೈದಾನಕ್ಕೆ ಕರೆದುಕೊಂಡು ಹೋದರು. 33 ಅಡಿ ಉದ್ದ, 33 ಅಡಿ ಅಗಲ ಅಳೆಸಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ನೆಡಿಸಿದರು. ಇದೇ ಒಂದು ಗುಂಟೆ, ಇಂಥ 40 ಸೇರಿದರೆ ಎಕರೆ. ತೋಟದವರ ಮಕ್ಕಳಾದ ನಾವು ದಿನಾ ಕೇಳುತ್ತಿದ್ದ ಗುಂಟೆ ಎಷ್ಟು ದೊಡ್ಡದು ಎಂದು ಕಣ್ಣಾರೆ ಕಂಡದ್ದು ಅವತ್ತೇ. ಆಮೇಲೆ ಎರಡೂ ಕಡೆ 30 ಅಡಿಗೆ ಗುರುತು ಮಾಡಿ ಗೆರೆ ಎಳೆಸಿದರು. ನಾಲ್ಕು ತುಂಡಾಯಿತು. ದೊಡ್ಡ ಚೌಕ 900 ಚದರ ಅಡಿ. ಉದ್ದನೆಯ ಎರಡು ಪಟ್ಟಿ, ತಲಾ 90. ಮೂಲೆಯ ಪುಟ್ಟ ಚೌಕ 9. ಒಟ್ಟು 1089.

ಅಲ್ಲೇ ಕೆಸರಲ್ಲಿ ಕೋಲಿನಿಂದ ನಮ್ಮ ಹಳೇ ಕ್ರಮದ ಲೆಕ್ಕ ಬರೆಸಿದರು. ಮೊದಲ ಸಾಲು 99. ಎರಡನೆಯದೂ 99, ಆದರೆ ಒಂದು ಮನೆ ಎಡಕ್ಕೆ. “ಈ ಎರಡನೇ 99 ಎಲ್ಲಿದೆ? ಹೋಗಿ ಅದರ ಮೇಲೆ ನಿಂತ್ಕೊಳ್ಳಿ” ಎಂದರು. ತುಂಬ ತಳ್ಳಾಟದ ನಂತರ ದೊಡ್ಡ ಚೌಕದಲ್ಲೂ ಅದರ ಪಕ್ಕದ ಒಂದು ಪಟ್ಟಿಯಲ್ಲೂ ಹರಡಿ ನಿಂತೆವು. ಅದು 99 ಅಲ್ಲ, 990! ಗುಣಿಸು ಗುರುತಿನ ಜಾಗದಲ್ಲಿ ಇರಬೇಕಾದದ್ದು ಸೊನ್ನೆ. ಮಾರನೇ ದಿನ ಎಕರೆಗೆ 43,560 ಚದರ ಅಡಿ ಎಂದು ಲೆಕ್ಕ ಹಾಕಿ, 9 ಅಡಿಗೊಂದು ಅಡಿಕೆ ಸಸಿ ಇಟ್ಟರೆ 537 ಹಿಡಿಯುತ್ತದೆ ಎಂದು ಅಪ್ಪಯ್ಯನಿಗೆ ಹೇಳಿದೆ. “ಬಸಿಗಾಲುವೆಗೆ ಜಾಗ ಬಿಟ್ಟಿದಾರಾ ನಿಮ್ಮ ಮೇಷ್ಟ್ರು?” ಎಂದು ಕೇಳಿದರು ಅಪ್ಪಯ್ಯ.

ನಮ್ಮ ಕ್ಲಾಸಿನಲ್ಲಿ ಒಬ್ಬನಿಗೆ ‘ಕೈಯಲ್ಲಿ ನಾಲ್ಕು’ ಎನ್ನುವ ಕೆಲಸ ಏನು ಮಾಡಿದರೂ ಬರುತ್ತಿರಲಿಲ್ಲ. ಕೈಯಲ್ಲಿದ್ದದ್ದು ಸಾಲಿಗೆ ಬರುವಷ್ಟರಲ್ಲಿ ಮಾಯ. ಅವನಿಗೆ ಜಾಲರಿ ಕ್ರಮ ಹೇಳಿಕೊಟ್ಟರು. ಮನೆಗಳನ್ನು ಬರೆದು, ಪ್ರತಿ ಮನೆಗೂ ಓರೆ ಗೆರೆ ಎಳೆದು, ಮಗ್ಗಿಯ ಉತ್ತರದ ಎರಡೂ ಅಂಕಿಯನ್ನು ಅಲ್ಲೇ ಬರೆದಿಡುವುದು. ಕೊನೆಗೆ ಓರೆಯಾಗಿ ಕೂಡುವುದು. 57 × 46ಕ್ಕೆ 20, 28, 30, 42 ಎಂದು ನಾಲ್ಕು ಮನೆ ತುಂಬಿ 2622 ಎಂದು ಅವನು ಬರೆದಾಗ ಮೇಷ್ಟ್ರು ಚಪ್ಪಾಳೆ ಹೊಡೆಸಿದರು. ಈಗ ಅವನು ಅಡಿಕೆ ವ್ಯಾಪಾರ ಮಾಡುತ್ತಾನೆ, ನಮ್ಮೆಲ್ಲರಿಗಿಂತ ಜಾಸ್ತಿ ದುಡ್ಡು ಮಾಡಿದ್ದಾನೆ. ಚೀಟಿಯ ಹಿಂದೆ ಇವತ್ತಿಗೂ ಜಾಲರಿಯೇ.

ಮಹಾವೀರಾಚಾರ್ಯನ ವಿಷಯ ಹೇಳಿದವರೂ ಇವರೇ. ಒಂಬತ್ತನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದವನು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಉತ್ತರಗಳೆಂದರೆ ಅವನಿಗೆ ಇಷ್ಟ. ಅವನ್ನು ಹಾರಗಳೆಂದು ಕರೆದ. 139 × 109 ಅಂದರೆ 15151. 152207 × 73 ಅಂದರೆ ಎಂಟು ಒಂದುಗಳು. ಮೇಷ್ಟ್ರಿಗೆ ಅದರಲ್ಲಿ ಸೊಬಗು ಕಂಡಿತು, ನಮಗೆ ಪೆಪ್ಪರಮೆಂಟು ಕಂಡಿತು.

ಆರಂಕಿಯ ಸಂಖ್ಯೆಯನ್ನು ಬಾಯಲ್ಲೇ ಗುಣಿಸುತ್ತೇವೆ ಎಂದು ಹತ್ತನೇ ಕ್ಲಾಸಿನ ಅಣ್ಣಂದಿರ ಹತ್ತಿರ ಪಂದ್ಯ ಕಟ್ಟಿದೆವು. ಸಂಖ್ಯೆ ಬರೆಯುವವರು ಮಾತ್ರ ನಾವು! ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಉತ್ತರ ಹೇಳುವುದು. ಅವರು ಕಾಗದದಲ್ಲಿ ಒದ್ದಾಡಿ ಸರಿ ನೋಡುವಷ್ಟರಲ್ಲಿ ಪೆಪ್ಪರಮೆಂಟು ಅರ್ಧ ಕರಗಿರುತ್ತಿತ್ತು. ಕೊನೆಗೆ ಒಬ್ಬ ಚಾಲಾಕಿಗೆ ಅನುಮಾನ ಬಂದು 152207 ಅನ್ನು ಹೊಡೆದು 152208 ಮಾಡಿಕೊಟ್ಟ. ಗೆಳೆಯರ ಮುಖ ಬಿಳುಚಿತು. ನಾನು ಸ್ವಲ್ಪ ತಡೆದು 11111184 ಎಂದೆ. ಇನ್ನೊಂದು 73 ಕೂಡಿಸಿದರೆ ಆಯಿತಲ್ಲ!

ಸುದ್ದಿ ಮೇಷ್ಟ್ರಿಗೆ ಮುಟ್ಟಿತು. ಪಂದ್ಯ ಕಟ್ಟಿದ್ದಕ್ಕೆ ಎಲ್ಲರ ಕೈಗೂ ಒಂದೊಂದು ಏಟು. ಉಳಿದ ಪೆಪ್ಪರಮೆಂಟೆಲ್ಲ ಅವರ ಜೇಬಿಗೆ. 152208ರ ಕಥೆ ಕೇಳಿದ ಮೇಲೆ ಒಂದನ್ನು ನನಗೆ ವಾಪಸು ಕೊಟ್ಟು, ಇನ್ನೊಂದನ್ನು ತಾವೇ ಬಾಯಿಗೆ ಹಾಕಿಕೊಂಡರು.

“ಬರೆಯೋಕೆ ಮುಂಚೆ ಲೆಕ್ಕದ ಮುಖ ನೋಡ್ರೋ” ಎನ್ನುವುದು ಅವರ ಮಾತು. 25 × 48 ಕಂಡರೆ ಒಂದನ್ನು ದುಪ್ಪಟ್ಟು, ಇನ್ನೊಂದನ್ನು ಅರ್ಧ ಮಾಡುತ್ತಾ ಹೋಗು. 50 × 24, 100 × 12, ಮುಗಿಯಿತು. ಬ್ಯಾಂಕಿನಲ್ಲಿದ್ದಷ್ಟು ಕಾಲವೂ ಪಕ್ಕದವರು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ನಾನು ಉತ್ತರ ಹೇಳಿರುತ್ತಿದ್ದೆ. ನಾನೇ ಹೇಳಿಕೊಳ್ಳಬಾರದು, ಆದರೂ ಹಳೇ ಸಿಬ್ಬಂದಿಯನ್ನು ಯಾರು ಬೇಕಾದರೂ ಕೇಳಬಹುದು.

ಬೆಂಗಳೂರಿನಲ್ಲಿರುವ ಮೊಮ್ಮಗಳ ಪುಸ್ತಕದಲ್ಲಿ ಪೆಟ್ಟಿಗೆ ಕ್ರಮ (ನಮ್ಮ ಗುಂಟೆಯ ಹಾಗೆ ತುಂಡು ಮಾಡಿ ಗುಣಿಸಿ ಕೂಡುವುದು), ಜಾಲರಿ ಕ್ರಮ ಎಲ್ಲ ಇವೆ. ನೋಡಿ ಖುಷಿಯಾಯಿತು. ಆದರೆ 99 × 46 ಅನ್ನು ಪೆಟ್ಟಿಗೆ ಕ್ರಮದಲ್ಲೇ ಮಾಡಬೇಕಂತೆ. ಅವಳು 4600ರಲ್ಲಿ 46 ಕಳೆದು 4554 ಎಂದು ಬರೆದಳು. ಅರ್ಧ ಅಂಕ ಹೋಯಿತು. ನಾಲ್ಕು ದಾರಿ ಕಲಿಸಿ, ಯಾವುದರಲ್ಲಿ ಹೋಗಬೇಕೆಂದು ನೀವೇ ಹೇಳಿದರೆ ನಾಲ್ಕು ಯಾಕೆ ಬೇಕು? ಮಗಳು “ಸುಮ್ನಿರಪ್ಪ, ಟೀಚರ್ ಹೇಳಿದ ಹಾಗೆ ಬರೀಲಿ” ಅಂದಳು. ಸುಮ್ಮನಾದೆ.

ಮೊನ್ನೆ ಸಂತಾಪ ಸಭೆಗೆ ಬಂದಾಗ ಮೈದಾನ ನೋಡಿದೆ. ಇಂಟರ್‌ಲಾಕ್ ಹಾಸಿದ್ದೀರಿ, ಚೆನ್ನಾಗಿದೆ, ಕೆಸರಿಲ್ಲ. ಆದರೆ ಆ ನಾಲ್ಕು ಕಲ್ಲೂ ಇಲ್ಲ. ಒಂದು ಮೂಲೆಯಲ್ಲಿ 33ಕ್ಕೆ 33 ಅಡಿ ಜಾಗ ಬಿಟ್ಟು, ಮತ್ತೆ ಕಲ್ಲು ನೆಡಿಸಿ ಎಂದು ಹೆಡ್‌ಮಾಸ್ಟರಿಗೆ ಹೇಳಿ ಬಂದಿದ್ದೇನೆ. ಖರ್ಚು ನಾವು ಹಳಬರು ಕೊಡುತ್ತೇವೆ. ಜಾಲರಿಯವನು ಈಗಾಗಲೇ ಒಪ್ಪಿದ್ದಾನೆ. ಕಲ್ಲಿನ ಮೇಲೆ ಮೇಷ್ಟ್ರ ಹೆಸರು ದೊಡ್ಡದಾಗಿರಲಿ. ದಾನಿಗಳ ಹೆಸರು ಹಾಕಲೇಬೇಕು ಎಂದು ನೀವು ಹಠ ಹಿಡಿದರೆ, ನನ್ನದನ್ನು ಸಣ್ಣ ಅಕ್ಷರದಲ್ಲಿ ಹಾಕಿ ಸಾಕು.