ನಾಯಿಗೆ ಸೊಂಟ ನೋವಾದರೆ ಮೊದಲು ನೆಲ ನೋಡಿ

ಕಲಬುರಗಿಯ ಮನೆಗಳಲ್ಲಿ ಒಂದೋ ಪಾಲಿಶ್ ಮಾಡಿದ ಶಹಾಬಾದ್ ಕಲ್ಲು, ಇಲ್ಲವೆಂದರೆ ಹೊಳೆಯುವ ಟೈಲ್ಸ್. ಬೇಸಿಗೆಗೆ ತಂಪು, ಒರೆಸೋಕೂ ಸುಲಭ. ಆದರೆ ಸೊಂಟ ನೋವಿರುವ ನಾಯಿ ಅದರ ಮೇಲೆ ಎದ್ದು ನಿಲ್ಲಲು ಹೋದರೆ ಹಿಂಗಾಲು ಎರಡೂ ಪಕ್ಕಕ್ಕೆ ಜಾರುತ್ತವೆ. ಹತ್ತು ನಿಮಿಷ ವ್ಯಾಯಾಮ ಮಾಡಿಸಿ ಉಳಿದ ಇಡೀ ದಿನ ಜಾರಲು ಬಿಟ್ಟರೆ ಏನು ಬಂತು? ರಬ್ಬರ್ ಮ್ಯಾಟ್ ಹಾಸಿ, ಜಮಖಾನೆ ಬೇಡ, ಅದೇ ಜಾರುತ್ತದೆ. ಉಗುರು ಕತ್ತರಿಸಿ. ಅಂಗಾಲಿನ ಕೂದಲೂ.

ಪ್ರಾಣಿಗಳ ಫಿಜಿಯೋಥೆರಪಿ ಅಂದ ಕೂಡಲೇ ಎಲ್ಲರೂ ಮಷೀನ್ ಬಗ್ಗೆ ಕೇಳುತ್ತಾರೆ. ನೀರೊಳಗಿನ ಟ್ರೆಡ್‌ಮಿಲ್ ವಿಡಿಯೋ ನೋಡಿರುತ್ತಾರೆ. ಅದು ಒಳ್ಳೇದೇ. ನೀರು ಸೊಂಟದ ಮಟ್ಟಕ್ಕಿದ್ದರೆ ನಾಯಿಯ ಕಾಲುಗಳ ಮೇಲೆ ಅದರ ತೂಕದ ಸುಮಾರು ಶೇ 38ರಷ್ಟು ಮಾತ್ರ ಬೀಳುತ್ತದೆ, ನೋವು ಕಡಿಮೆ, ಮಾಂಸಖಂಡಕ್ಕೆ ಕೆಲಸ ಜಾಸ್ತಿ. ಹಾಗಂತ ನಾಯಿಯನ್ನು ನಮ್ಮೂರಿನ ಅಪ್ಪನ ಕೆರೆಗೆ ಇಳಿಸಬೇಡಿ. ಹೊಲಿಗೆ ಹಾಕಿದ ಗಾಯಕ್ಕೆ ಕೆರೆ ನೀರು ಬೇಡವೇ ಬೇಡ, ಗಾಬರಿಯಲ್ಲಿ ಒದ್ದಾಡುವುದು ವ್ಯಾಯಾಮವೂ ಅಲ್ಲ.

ಮನೆಯಲ್ಲೇ ಆಗುವುದು ಬೇಕಾದಷ್ಟಿದೆ. ಕೂರಿಸಿ ಏಳಿಸುವುದು, ನೆಲದ ಮೇಲೆ ನಾಲ್ಕು ಪೈಪಿನ ತುಂಡು ಇಟ್ಟು ನಿಧಾನಕ್ಕೆ ದಾಟಿಸುವುದು, ಹಿಂಗಾಲಲ್ಲಿ ಬಲವಿಲ್ಲದಿದ್ದರೆ ಹೊಟ್ಟೆ ಕೆಳಗೆ ಟವೆಲ್ ಹಾಕಿ ಎತ್ತಿಹಿಡಿದು ನಡೆಸುವುದು. ಮೇ ತಿಂಗಳಲ್ಲಿ ಸೂರ್ಯ ಮೇಲೇರುವ ಮೊದಲೇ ಮುಗಿಸಿ. ದಪ್ಪ ಲ್ಯಾಬ್ರಡಾರ್ ಆದರೆ ಇದೆಲ್ಲಕ್ಕಿಂತ ಮುಂಚೆ ತಟ್ಟೆ ಚಿಕ್ಕದು ಮಾಡಿ.

ಆದರೆ ಡಾಕ್ಟರ್ ನೋಡದೆ ಯಾವುದನ್ನೂ ಶುರು ಮಾಡಬೇಡಿ, ಅದರಲ್ಲೂ ಉದ್ದ ಮೈ, ಗಿಡ್ಡ ಕಾಲಿನ ಡ್ಯಾಶ್‌ಹಂಡ್ ನಾಯಿಯ ವಿಷಯದಲ್ಲಿ. ಅದರ ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಚಿಕ್ಕ ವಯಸ್ಸಿಗೇ ಗಟ್ಟಿಯಾಗಿ, ಒಂದು ದಿನ ಒಡೆದು ನರವನ್ನು ಒತ್ತಬಹುದು. ಹಿಂಗಾಲು ಎಳೆಯತೊಡಗಿದರೆ ಎಣ್ಣೆ ತಿಕ್ಕುತ್ತಾ ಕೂರುವ ಹೊತ್ತಲ್ಲ, ಅವತ್ತೇ ಹೊರಡಬೇಕು. ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಇಡೀ ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ನಮ್ಮ ಪಕ್ಕದ ಜಿಲ್ಲೆಯಲ್ಲಿದೆ, ಆದರೂ ಜನ ಹೈದರಾಬಾದ್ ಅನ್ನುತ್ತಾರೆ! ಮನೆಯಲ್ಲಿರುವ ನೋವಿನ ಮಾತ್ರೆಯನ್ನಂತೂ ಕೊಡಲೇಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆ, ಕಿಡ್ನಿ ಎರಡನ್ನೂ ಹಾಳು ಮಾಡುತ್ತದೆ. ಬೆಕ್ಕಿಗೆ ಒಂದು ಪ್ಯಾರಸಿಟಮಾಲ್ ಸಾಕು, ಜೀವವೇ ಹೋಗಬಹುದು.

ಇನ್ನು ಮದುವೆ ಮೆರವಣಿಗೆಯ ಕುದುರೆಗಳು. ಕುದುರೆಯ ಮುಂಗಾಲಿನ ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲ ಎನ್ನಬಹುದು, ಮೂಳೆ ಮತ್ತು ಟೆಂಡನ್ (ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ), ಅಷ್ಟೇ. ಟೆಂಡನ್‌ಗೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ಹರಿದರೆ ಮಾಯಲು ತಿಂಗಳುಗಟ್ಟಲೆ ಬೇಕು. ಮೊದಲು ತಣ್ಣೀರು, ವಿಶ್ರಾಂತಿ. ಆಮೇಲೆ ಹಗ್ಗ ಹಿಡಿದು ಸಮತಟ್ಟು ಜಾಗದಲ್ಲಿ ನಡೆಸುವುದು, ವಾರ ವಾರ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ. ಕಷ್ಟ ಏನೆಂದರೆ ಊತ ಇಳಿದ ಕೂಡಲೇ ಗುಣವಾಯಿತು ಅಂತ ಬಾರಾತಿಗೆ ಕಟ್ಟುತ್ತಾರೆ. ಒಳಗಿನ ಎಳೆ ಇನ್ನೂ ಕೂಡಿರುವುದೇ ಇಲ್ಲ. ಮಾಲೀಕನನ್ನು ಬೈಯೋದು ಸುಲಭ, ಅವನ ಮನೆ ನಡೆಯುವುದೂ ಆ ಕುದುರೆಯಿಂದಲೇ ಅಲ್ವಾ. ಆದ್ದರಿಂದ ಮದುವೆ ಮನೆಯವರಿಗೇ ಹೇಳುತ್ತೇನೆ: ಕುದುರೆ ಕುಂಟುತ್ತಾ ಬಂದರೆ ಮಾತಾಡಿದ ದುಡ್ಡು ಕೊಟ್ಟು ವಾಪಸ್ ಕಳಿಸಿ, ಮದುಮಗ ಕಾರಿನಲ್ಲಿ ಬರಲಿ.