ಸಮುದ್ರನೊರೆ

ಚಿಕ್ಕಂದಿನಲ್ಲಿ ರಜೆಗೆ ಮಲ್ಪೆಯ ದೊಡ್ಡಮ್ಮನ ಮನೆಗೆ ಹೋದರೆ ನಮಗೆ ಕಡಲ ಬದಿಯಲ್ಲಿ ಬಿಳಿ ದೋಣಿ ಹೆಕ್ಕುವುದೇ ಕೆಲಸ. ಅಂಗೈಯಷ್ಟುದ್ದ, ಉಗುರು ತಾಗಿದರೆ ಹುಡಿ, ನೀರಿಗೆ ಬಿಟ್ಟರೆ ತೇಲುತ್ತಿತ್ತು. ನೊರೆ ಒಣಗಿ ಗಟ್ಟಿಯಾದದ್ದು ಅಂತ ಅಜ್ಜಿ ಹೇಳುತ್ತಿದ್ದರು. ಸಮುದ್ರನೊರೆ ಎಂದೇ ಅದರ ಹೆಸರು. ಮದ್ದಿಗೆ ಬೇಕಾಗುತ್ತದೆಂದು ಡಬ್ಬಿಯಲ್ಲಿ ತೆಗೆದಿಡುತ್ತಿದ್ದರು. ಅದು ಎಲ್ಲಿಂದ ಬರುತ್ತದೆಂದು ನಾನು ಕಣ್ಣಾರೆ ಕಂಡದ್ದು ಮಾತ್ರ ಕಳೆದ ಅಕ್ಟೋಬರಿನಲ್ಲಿ.

ಅವತ್ತು ದೊಡ್ಡಮ್ಮ ಗಾಳದ ದೋಣಿಯಿಂದ ದೊಡ್ಡದೊಂದು ಕಪ್ಪೆ ಬೊಂಡಾಸ್ (ಕಟ್ಲ್‌ಫಿಶ್) ತಂದಿದ್ದರು. ಸತ್ತು ಹೆಚ್ಚು ಹೊತ್ತಾಗಿರಲಿಲ್ಲ. ಚರ್ಮದ ಮೇಲಿನ ಕಂದು ಚುಕ್ಕೆಗಳು ಇನ್ನೂ ಹಿಗ್ಗಿ ಕುಗ್ಗುತ್ತಿದ್ದವು! ಒಂದೊಂದು ಚುಕ್ಕೆಯೂ ಬಣ್ಣ ತುಂಬಿದ ಪುಟ್ಟ ಚೀಲ. ಸುತ್ತಲಿನ ಸ್ನಾಯು ಎಳೆದರೆ ಅರಳುತ್ತದೆ, ಬಿಟ್ಟರೆ ಮುದುಡುತ್ತದೆ. ಇವನ್ನು ಆಡಿಸಿಯೇ ಅದು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಮರಳಾಗಿ, ಕಲ್ಲಾಗಿ ಕಾಣುವುದು. ಅದರ ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶ ಒಂದೇ ಬಗೆಯದು, ಅಂದರೆ ನಮ್ಮಂತೆ ಬಣ್ಣ ಗುರುತಿಸಲಾರದು. ಮತ್ತೆ ಇಷ್ಟು ಬಣ್ಣ ಹೊಂದಿಸುವುದು ಹೇಗೆ? ನನಗೆ ಮೆಟ್ಟುಕತ್ತಿಯ ಮುಂದೆ ಕೂರಲು ಸ್ವಲ್ಪ ಹೊತ್ತು ಹಿಡಿಯಿತು.

"ಶಾಯಿ ಚೀಲ ನೋಡ್ಕೊಂಡು ತೆಗಿ ಮಗಾ. ಒಡೆದ್ರೆ ಪದಾರ್ಥ ಎಲ್ಲ ಕಪ್ಪು."

ಬೆನ್ನಿನ ಚರ್ಮ ಸೀಳಿದೆ. ಒಳಗಿಂದ ನುಣುಪಾಗಿ ಜಾರಿ ಬಂತು ಬಾಲ್ಯದ ಬಿಳಿ ದೋಣಿ.

"ಎಲುಬಿನ ಹಾಗೆ ಕಂಡರೂ ಎಲುಬಲ್ಲ ದೊಡ್ಡಮ್ಮ, ಇದು ಚಿಪ್ಪು. ಬೊಂಡಾಸ್ ಮೀನೇ ಅಲ್ಲ, ಚಿಪ್ಪಿನೊಳಗೇ ಇರುವ ಮರುವಾಯಿಯ ನೆಂಟ."

"ಮರುವಾಯಿಯ ನೆಂಟನಾ? ಇದು ಓಡುವುದು ನೋಡಿದ್ದೀಯಾ ನೀನು?"

ಓಡಲಿಕ್ಕೆಂದೇ ಚಿಪ್ಪು ಒಳಗೆ ಸೇರಿದ್ದು ಎಂದೆ. ಮರುವಾಯಿ, ಬಸವನಹುಳು, ಬೊಂಡಾಸ್, ಎಲ್ಲ ಮೃದ್ವಂಗಿಗಳೇ. ತಲೆಯಿಂದಲೇ ತೋಳು ಹೊರಟದ್ದರಿಂದ ಇದು ಶಿರಪಾದಿ: ಎಂಟು ತೋಳು, ಬೇಟೆಗೆ ಚಾಚುವ ಎರಡು ಉದ್ದ ಬಾಹು. ಇದರ ಪೂರ್ವಜರಿಗೆ ಚಿಪ್ಪು ಮೈಮೇಲಿತ್ತು. ಸಾಮಾನ್ಯ ಬೊಂಡಾಸಿನಲ್ಲಿ (ಸ್ಕ್ವಿಡ್) ಅದು ಪ್ಲಾಸ್ಟಿಕ್ಕಿನಂಥ ತೆಳು ಪಟ್ಟಿಯಾಗಿ ಉಳಿದಿದೆ. ಇದು ಸುಣ್ಣದ ಚಿಪ್ಪನ್ನೇ ಉಳಿಸಿಕೊಂಡು, ಒಳಗೆಲ್ಲ ತೆಳ್ಳನೆಯ ಅಂತಸ್ತು ಕಟ್ಟಿಕೊಂಡಿದೆ. ಅಂತಸ್ತುಗಳ ನೀರು ಹೊರಹಾಕಿದರೆ ಮೈ ಹಗುರ, ತುಂಬಿಕೊಂಡರೆ ಭಾರ. ನಮ್ಮ ಕರಾವಳಿಯ ಈ ಜಾತಿ ಸೆಪಿಯಾ ಫರಾವೋನಿಸ್. ಆ ಹೆಸರು ಬಿದ್ದದ್ದು 1831ರಲ್ಲಿ.

ಕಿವಿರುಗಳಿಗೆ ಒಂದೊಂದು, ಮೈಗೆಲ್ಲ ಇನ್ನೊಂದು, ಹೀಗೆ ಮೂರು ಹೃದಯಗಳನ್ನೂ ತೋರಿಸಿದೆ. ದೊಡ್ಡಮ್ಮ ಬಗ್ಗಿ ನೋಡಿದರು. ಆಮೇಲೆ ಅವರ ಬೆರಳು ಹೊಟ್ಟೆಯ ತುದಿಗೆ ಹೋಯಿತು. ಮೊಟ್ಟೆ.

ತೆಂಗಿನ ಗರಿ, ಕಾಯಿ ಕಿತ್ತ ಗೊನೆ ಎಲ್ಲ ಕಟ್ಟಿ, ಮರಳಿನ ಚೀಲದ ಭಾರಕ್ಕೆ ಕಡಲಲ್ಲಿ ಮುಳುಗಿಸಿ ಇವನ್ನು ಹಿಡಿಯುವುದುಂಟು. ಮೊಟ್ಟೆ ಅಂಟಿಸಲು ಆಸರೆ ಹುಡುಕಿ ಬಂದ ತಾಯಂದಿರು ಅಲ್ಲೇ ಗಾಳಕ್ಕೆ ಬೀಳುತ್ತವೆ. ಹೆಚ್ಚೆಂದರೆ ಒಂದೆರಡು ವರ್ಷದ ಬದುಕು. ಮೊಟ್ಟೆಯಿಟ್ಟರೆ ಹೇಗೂ ಸಾಯುವಂಥವು, ಇಡುವ ಮೊದಲೇ ಹಿಡಿದರೆ ಮುಂದಿನ ಸಂತತಿಯನ್ನೂ ಹಿಡಿದಂತೆ. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ದೊಡ್ಡಮ್ಮ ಏನೂ ಅನ್ನದೆ ಚಿಪ್ಪನ್ನು ತೊಳೆದು ಅಜ್ಜಿಯ ಡಬ್ಬಿಯ ಪಕ್ಕ ಒಣಗಲು ಇಟ್ಟರು.

ಮರುದಿನ ದಡದಲ್ಲಿ ರೇಟು ಕೇಳುವ ಮೊದಲೇ ದೋಣಿಯವನನ್ನು ತಡೆದು ಕೇಳಿದರು: "ಇದು ಗೊನೆ ಮುಳುಗಿಸಿ ಹಿಡಿದದ್ದಾ?"